ಒಂದೇ ಗುಡಾರದಲ್ಲಿ ಎರಡು ನಗೆ

(ಕುಟುಂಬದವರು ಕೂಡಿ ನಗೆಚಿತ್ರಗಳನ್ನೂ ಕಾರ್ಟೂನು ಚಿತ್ರಗಳನ್ನೂ ನೋಡುವ ವಿಷಯವಾಗಿ ಒಂದು ಪಾಠ)

ಓದತಕ್ಕ ಭಾಗ: ಆದಿಕಾಂಡ ೨೧:೧–೨೧



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳ ಸಭೆಗಳನ್ನು ಸಂದರ್ಶಿಸುವಾಗ ತಂದೆತಾಯಿಗಳು ಒಂದು ಪ್ರಶ್ನೆಯನ್ನು ನಮಗೆ ಮತ್ತೆ ಮತ್ತೆ ಹಾಕುತ್ತಾರೆ. ಶನಿವಾರ ಸಂಜೆ ಹೊಲದ ಕೆಲಸ ತೀರಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಟೀವಿಯಲ್ಲಾಗಲಿ ಮೊಬೈಲಿನಲ್ಲಾಗಲಿ ನಗಿಸುವ ಸಿನೆಮಾ ಇಲ್ಲವೆ ಕಾರ್ಟೂನು ನೋಡುತ್ತೇವೆ. ವಿಶ್ವಾಸಿಗಳಿಗೆ ಇದು ತಕ್ಕದ್ದೋ, ತಕ್ಕದ್ದಲ್ಲವೋ? ಇದೇ ಆ ಪ್ರಶ್ನೆ. ಕೆಲವರು ಹೆದರಿ ಎಲ್ಲವನ್ನೂ ಮುಚ್ಚಿಬಿಟ್ಟಿದ್ದಾರೆ. ಕೆಲವರು ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಅತ್ತ ನೋಡುವದನ್ನೇ ಬಿಟ್ಟಿದ್ದಾರೆ. ಮೊದಲನೆಯವರು ದೇವರ ದಾನವೊಂದನ್ನು ಬಾಗಿಲಿನಾಚೆಗೆ ತಳ್ಳುತ್ತಾರೆ. ಎರಡನೆಯವರು ಮಂದೆಯನ್ನು ಕಾಯದೆ ಮಲಗಿದ ಕುರುಬನನ್ನು ಹೋಲುತ್ತಾರೆ. ಆದಕಾರಣ ಈ ತಿಂಗಳ ಪಾಠದಲ್ಲಿ ಈ ಸಂಗತಿಯನ್ನು ಸತ್ಯವೇದದ ಬೆಳಕಿನಲ್ಲಿ ಶಾಂತವಾಗಿ ವಿಚಾರಿಸೋಣ.

೧. ನಗೆಯು ದೇವರ ದಾನವಾಗಿದೆ

ಅಬ್ರಹಾಮನ ಗುಡಾರದಲ್ಲಿ ನಡೆದದ್ದನ್ನು ನೋಡಿರಿ. ಸಾರಳು ಮುಪ್ಪಿನಲ್ಲಿ ಮಗನನ್ನು ಹೆತ್ತಳು. ಆ ಮಗುವಿಗೆ ಇಟ್ಟ ಹೆಸರು ಇಸಾಕ. ಇಬ್ರಿಯ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ನಗುತ್ತಾನೆ ಎಂಬದು. ದೇವರು ತನಗೆ ನಗೆಯನ್ನು ದಯಪಾಲಿಸಿದನೆಂತಲೂ, ಈ ಸುದ್ದಿಯನ್ನು ಕೇಳಿದವರೆಲ್ಲರೂ ತನ್ನೊಡನೆ ನಗುವರೆಂತಲೂ ಆ ವೃದ್ಧ ತಾಯಿಯು ಸಂತೋಷಪಟ್ಟಳು (ವಚನ ೬). ವಾಗ್ದಾನದ ಮಗುವಿಗೇ ನಗೆಯ ಹೆಸರನ್ನಿಡಿಸಿದ ದೇವರು ನಮ್ಮ ಮನೆಗಳಲ್ಲಿ ನಗೆಯನ್ನು ಕೇಳಿ ಮುಖ ಗಂಟಿಕ್ಕುವಾತನಲ್ಲ. ನಗುವದಕ್ಕೆ ಒಂದು ಕಾಲವುಂಟೆಂದು ಪ್ರಸಂಗಿಯು ಬೋಧಿಸುತ್ತಾನೆ (೩:೪). ಹರ್ಷವುಳ್ಳ ಹೃದಯವು ಮದ್ದಿನಂತೆ ಹಿತಮಾಡುವದೆಂದು ಜ್ಞಾನೋಕ್ತಿಗಳಿಂದ ಕಲಿಯುತ್ತೇವೆ (೧೭:೨೨).

ನಮ್ಮ ಸೀಮೆಯವರು ನಗುವದನ್ನು ಸಿನೆಮಾದಿಂದ ಕಲಿತವರಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದಲ್ಲಿ ದೂತಿಯ ಮಾತಿಗೆ ಜನರು ಹೊಟ್ಟೆ ಹಿಡಿದು ನಗುತ್ತಿದ್ದರು. ಬೈಲಹೊಂಗಲದ ಕಥೆಯೆಂದು ಹೆಸರಾದ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ರಾತ್ರಿಯೆಲ್ಲಾ ಕಣ್ಣು ಮುಚ್ಚದೆ ನೋಡಿ, ಸ್ನೇಹದ್ರೋಹಕ್ಕೆ ಮರುಗಿದರು. ಮಿಶನರಿಗಳು ಹಳ್ಳಿಗಳಲ್ಲಿ ಮ್ಯಾಜಿಕ್ ಲ್ಯಾಂಟರ್ನಿನ ದೀಪವನ್ನು ಹೊತ್ತಿಸಿ, ಬಿಳೀ ಬಟ್ಟೆಯ ಮೇಲೆ ತಪ್ಪಿಹೋದ ಮಗನ ಚಿತ್ರವನ್ನು ಮೂಡಿಸಿದಾಗ ನೋಡುವದಕ್ಕೆ ಊರೇ ಕೂಡುತ್ತಿತ್ತು. ೧೯೩೪ರಲ್ಲಿ ಸತಿ ಸುಲೋಚನಾ ಎಂಬ ಮೊದಲನೆಯ ಕನ್ನಡ ಮಾತಿನ ಚಿತ್ರವು ಹೊರಟಿತು. ಬಳಿಕ ಟೂರಿಂಗ್ ಟಾಕೀಸಿನ ಡೇರೆಗಳು ಜಾತ್ರೆಯಿಂದ ಜಾತ್ರೆಗೆ ಸಾಗಿದವು. ಈಗಲಾದರೋ ಡೇರೆಯನ್ನು ಹುಡುಕಿ ಹೋಗಬೇಕಾಗಿಲ್ಲ. ಅದು ನಮ್ಮ ಅಂಗೈಯಲ್ಲಿಯೇ ಬಂದು ಕೂತಿದೆ.

ಸೋಮವಾರ ಎತ್ತಿನ ಹೆಗಲ ಮೇಲೆ ನೊಗವನ್ನಿಡದೆ ಅದಕ್ಕೆ ವಿಶ್ರಾಂತಿ ಕೊಡುವ ವಾಡಿಕೆ ನಮ್ಮ ಸೀಮೆಯಲ್ಲುಂಟು. ಎತ್ತಿಗೆ ಬಿಡುವು ಬೇಕಾದರೆ ವಾರವೆಲ್ಲಾ ಕಬ್ಬಿನ ಗದ್ದೆಯಲ್ಲಿ ದುಡಿದ ತಂದೆಗೂ, ಶಾಲೆಯ ಪಾಠದಿಂದ ದಣಿದ ಮಗುವಿಗೂ ಒಂದು ಸಂಜೆಯ ನಗೆ ಬೇಡವೋ? ಬೇಕು. ಇದರಲ್ಲಿ ನಮಗೆ ಸಂದೇಹವಿಲ್ಲ.

೨. ಆದರೆ ಅದೇ ಗುಡಾರದಲ್ಲಿ ಎರಡನೆಯ ನಗೆಯೂ ಕೇಳಿಸಿತು

ಇಸಾಕನಿಗೆ ಮೊಲೆಬಿಡಿಸಿದ ದಿನದಲ್ಲಿ ಅಬ್ರಹಾಮನು ದೊಡ್ಡ ಔತಣವನ್ನು ಮಾಡಿಸಿದನು. ಆ ಔತಣದ ನಡುವೆಯೇ ಹಾಗರಳ ಮಗನು ನಗುತ್ತಿರುವದನ್ನು ಸಾರಳು ಕಂಡಳು (ವಚನ ೯). ಸಾರಳ ನಗೆಗೂ ಈ ಹುಡುಗನ ನಗೆಗೂ ಇಬ್ರಿಯ ಮೂಲದಲ್ಲಿರುವ ಪದದ ಬೇರು ಒಂದೇ. ಆದರೆ ನಮ್ಮ ಕನ್ನಡ ವೇದದಲ್ಲಿ ಇದಕ್ಕೆ ಅಪಹಾಸ್ಯವೆಂಬ ಅರ್ಥವನ್ನು ಕೊಟ್ಟಿದ್ದಾರೆ. ಪೌಲನು ಗಲಾತ್ಯದವರಿಗೆ ಬರೆಯುವಾಗ ಇದನ್ನು ಹಿಂಸೆಯೆಂದೇ ಎಣಿಸಿದ್ದಾನೆ (೪:೨೯). ಗುಡಾರವು ಒಂದೇ, ಔತಣವು ಒಂದೇ, ಶಬ್ದದ ಬೇರೂ ಒಂದೇ. ನಗೆ ಮಾತ್ರ ಎರಡು. ಒಂದು ನಗೆಯು ಎಲ್ಲರನ್ನೂ ಒಳಗೆ ಕರೆಯುತ್ತದೆ. ಮತ್ತೊಂದು ನಗೆಯು ಒಬ್ಬನನ್ನು ಹೊರಗೆ ದೂಡುತ್ತದೆ. ಆ ದಿನದ ನಗೆಯಿಂದ ಮನೆಯೇ ಒಡೆಯಿತೆಂಬದನ್ನು ಮುಂದಿನ ವಚನಗಳಲ್ಲಿ ಓದಿರಿ.

ಈ ಭೇದವನ್ನು ನಾವು ಪುಸ್ತಕದಿಂದಲೇ ಕಲಿತಿದ್ದರೆ ಒಳ್ಳೇದಾಗುತ್ತಿತ್ತು. ನಾಚಿಕೆಯಿಂದ ಕಲಿತೆವು. ಅದನ್ನು ಮರೆಮಾಡದೆ ಹೇಳುವೆವು.

ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಗೆ ರವಿವಾರದ ಆರಾಧನೆಗಾಗಿ ಹಿಂದಿನ ದಿನವೇ ಹೋಗಿ, ವಿಶ್ವಾಸಿಯೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ರಾತ್ರಿ ಊಟವಾದ ಮೇಲೆ ಮನೆಯವರು ಟೀವಿಯಲ್ಲಿ ಒಂದು ನಗೆಚಿತ್ರವನ್ನು ಹಾಕಿದರು. ನೆರೆಮನೆಗಳ ಮಕ್ಕಳೂ ಬಂದು ಕೂತರು. ಆ ಚಿತ್ರದಲ್ಲಿ ಮಾತು ಉಗ್ಗುವವನೊಬ್ಬನಿದ್ದನು. ಅವನು ಬಾಯಿ ತೆರೆದಾಗಲೆಲ್ಲಾ ಒಂದೇ ಅಕ್ಷರದ ಮೇಲೆ ನಿಂತುಬಿಡುವನು, ಉಳಿದವರು ಅವನ ತಲೆಗೆ ಮೊಟಕುವರು, ನೋಡುವವರು ನಗಬೇಕು. ನಾವೆಲ್ಲರೂ ನಕ್ಕೆವು. ಉಪದೇಶಿಯೆನಿಸಿಕೊಂಡ ನಾವೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೊಸ್ತಿಲಿನ ಬಳಿ ಕೂತಿದ್ದ ಹತ್ತು ವರ್ಷದ ಹುಡುಗನೊಬ್ಬನು ನಡುವೆಯೇ ಎದ್ದು ಹೋದದ್ದನ್ನು ನೋಡಿದರೂ ಅದರ ಅರ್ಥವನ್ನು ತಿಳಿಯಲಿಲ್ಲ.

ಮರುದಿನ ರವಿವಾರ ಶಾಲೆಯಲ್ಲಿ ವಚನವನ್ನು ಓದುವ ಸರದಿ ಆ ಹುಡುಗನಿಗೆ ಬಂತು. ಅವನು ಮೊದಲನೆಯ ಅಕ್ಷರದಲ್ಲಿಯೇ ನಿಂತನು. ಅವನಿಗೂ ಮಾತು ಉಗ್ಗುತ್ತಿತ್ತು. ಕೂಡಲೆ ಹಿಂದಿನಿಂದ ಒಬ್ಬ ಹುಡುಗನು ರಾತ್ರಿಯ ಸಿನೆಮಾದ ಮಾತನ್ನು ಅದೇ ರಾಗದಲ್ಲಿ ಎತ್ತಿದನು. ಶಾಲೆಯೆಲ್ಲಾ ನಕ್ಕಿತು. ಆ ಬಾಲಕನು ಪುಸ್ತಕವನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು ಹೊರಗೆ ನಡೆದನು.

ಆರಾಧನೆ ತೀರಿದ ಮೇಲೆ ನಾವು ಅವನ ಮನೆಗೆ ಹೋಗಿ, ಮಕ್ಕಳ ತಪ್ಪನ್ನು ಕ್ಷಮಿಸಬೇಕೆಂದು ಅವನ ತಾಯಿಯನ್ನು ಬೇಡಿಕೊಂಡೆವು. ಆಕೆ ಸಿಟ್ಟಾಗಲಿಲ್ಲ. ತಲೆಯ ಸೆರಗನ್ನು ಸರಿಮಾಡಿಕೊಂಡು, "ಹುಡುಗರ ನಗಿ ಅವಗ ಹೊಸಾದಲ್ರಿ, ಉಪದೇಶಿಗಳ. ರಾತ್ರಿ ನೀವೂ ನಕ್ಕಿದ್ದನ್ನ ನೋಡ್ಯಾನ್ರಿ ಅವ" ಎಂದಷ್ಟೇ ಅಂದಳು. ಉತ್ತರ ಕೊಡುವದಕ್ಕೆ ನಮಗೆ ಬಾಯಿ ಬರಲಿಲ್ಲ. ಹುಡುಗನನ್ನು ಕರೆದು, ತಪ್ಪು ಮಕ್ಕಳದಲ್ಲ, ನಮ್ಮದೇ ಎಂದು ಹೇಳಿ ಕ್ಷಮೆ ಕೇಳಿಕೊಂಡೆವು.

ಪ್ರಿಯ ವಾಚಕರೇ, ಪರದೆಯ ಮೇಲಿನ ನಗೆಯು ಪರದೆಯ ಮೇಲೆಯೇ ನಿಲ್ಲುವದಿಲ್ಲ. ಅದು ಹೊಸ್ತಿಲನ್ನು ದಾಟಿ ಶಾಲೆಗೂ ದೇವಾಲಯಕ್ಕೂ ಬರುತ್ತದೆ. ಮಾತಾಡುವದರಲ್ಲಿ ತಾನು ಜಾಣನಲ್ಲ, ನಾಲಿಗೆ ತಡವರಿಸುವದು ಎಂದು ಮೋಶೆಯೂ ದೇವರ ಮುಂದೆ ಹಿಂಜರಿದನು (ವಿಮೋಚನಕಾಂಡ ೪:೧೦). ಅಂಥವನನ್ನೇ ದೇವರು ಫರೋಹನ ಬಳಿಗೆ ಕಳುಹಿಸಿದನು. ಕಿವುಡನನ್ನು ದೂಷಿಸಬಾರದು, ಕುರುಡನ ಮುಂದೆ ಅಡ್ಡಿಯನ್ನು ಇಡಬಾರದು ಎಂಬ ಆಜ್ಞೆ ಯಾಜಕಕಾಂಡದಲ್ಲುಂಟು (೧೯:೧೪). ಕಿವುಡನು ಆ ದೂಷಣೆಯನ್ನು ಕೇಳಲಾರನು. ಆದರೆ ದೇವರು ಕೇಳುತ್ತಾನೆ.

ಇನ್ನೊಂದು ಮಾತನ್ನು ನಾವು ಮರೆಯಬಾರದು. ನಮ್ಮ ಅಜ್ಜ ಮುತ್ತಜ್ಜರು ಸಭೆಗೆ ಸೇರಿದಾಗ ಊರ ಚಾವಡಿಯಲ್ಲಿ ನಗೆಗೀಡಾದವರು. ಅವರ ಹೊಸ ಹೆಸರಿಗೆ ನಕ್ಕರು, ಹಳೇ ಕುಲಕ್ಕೆ ನಕ್ಕರು, ಅಕ್ಷರ ಕಲಿಯಲು ಕೂತದ್ದಕ್ಕೂ ನಕ್ಕರು. ನಮ್ಮ ಕರ್ತನ ಕಣ್ಣಿಗೆ ಬಟ್ಟೆ ಕಟ್ಟಿ, ಹೊಡೆದವರು ಯಾರೆಂದು ಹೇಳು ಎಂದು ಕಾವಲಿನವರು ಗೇಲಿಮಾಡಿದರು (ಲೂಕ ೨೨:೬೩–೬೪). ನಗೆಯ ಪೆಟ್ಟನ್ನು ತಿಂದವರ ಮಕ್ಕಳು ನಾವು. ಅಂಥ ಕರ್ತನ ಶಿಷ್ಯರು ನಾವು. ಬಲಹೀನರ ಮೇಲೆ ಬೀಳುವ ನಗೆಯಲ್ಲಿ ನಾವು ಪಾಲುಗಾರರಾಗುವದು ಹೇಗೆ?

೩. ಚಿತ್ರದಲ್ಲಿ ಯಾವದೂ ತಾನಾಗಿ ಬರುವದಿಲ್ಲ

ಕಾರ್ಟೂನು ಮಕ್ಕಳದು, ಅದರಲ್ಲಿ ಕೆಟ್ಟದ್ದೇನೂ ಇರದೆಂದು ಕೆಲವರು ನೆನಸುತ್ತಾರೆ. ಕಾರ್ಟೂನು ಚಿತ್ರ ಹೇಗೆ ಹುಟ್ಟುತ್ತದೆಂಬದನ್ನು ಬಲ್ಲವರು ಹಾಗೆ ನೆನಸರು. ಸಿನೆಮಾದಲ್ಲಿ ಒಂದು ಸೆಕೆಂಡಿಗೆ ೨೪ ಸ್ಥಿರಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಕಣ್ಣು ಅವುಗಳನ್ನು ಬಿಡಿಬಿಡಿಯಾಗಿ ಹಿಡಿಯಲಾರದೆ ಬೊಂಬೆಯು ನಡೆಯುತ್ತದೆಂದು ಭಾವಿಸುತ್ತದೆ. ಒಂದೂವರೆ ತಾಸಿನ ಚಿತ್ರಕ್ಕೆ ಹೀಗೆ ೧,೨೯,೬೦೦ ಚೌಕಟ್ಟುಗಳು ಬೇಕು. ಕೈಯಿಂದ ಬರೆಯುವ ಕಾಲದಲ್ಲಿ ಒಂದೇ ಬರಹವನ್ನು ಎರಡೆರಡು ಸಾರಿ ತೋರಿಸಿ ಶ್ರಮವನ್ನು ಅರ್ಧಕ್ಕೆ ಇಳಿಸುತ್ತಿದ್ದರು. ಈಗ ಕಂಪ್ಯೂಟರು ಸಹಾಯಮಾಡುತ್ತದೆ. ಆದರೂ ಕಳ್ಳನ ಮೈಬಣ್ಣ ಕಪ್ಪಾಗಿರಬೇಕೋ, ಮೂರ್ಖನು ದಪ್ಪಗಿರಬೇಕೋ, ದುಷ್ಟಳ ಬೆನ್ನು ಗೂನಾಗಿರಬೇಕೋ ಎಂಬದನ್ನು ಯಾರೋ ಒಬ್ಬರು ಯೋಚಿಸಿಯೇ ಗೊತ್ತುಮಾಡುತ್ತಾರೆ. ಆಟದಲ್ಲಿ ನಟನ ಬಾಯಿಂದ ಮಾತು ತಪ್ಪಿ ಜಾರಬಹುದು. ಕಾರ್ಟೂನಿನಲ್ಲಿ ಒಂದು ರೇಖೆಯೂ ತಪ್ಪಿ ಬೀಳುವದಿಲ್ಲ. ಆದಕಾರಣ ನೋಡುವವರೂ ಯೋಚಿಸಿ ನೋಡಬೇಕು. ಒಳ್ಳೆಯವರೆಲ್ಲರೂ ಬೆಳ್ಳಗೆ, ಕೆಟ್ಟವರೆಲ್ಲರೂ ಕಪ್ಪಗೆ ಎಂದು ವಾರವಾರವೂ ನೋಡುವ ಮಗುವು ಒಂದು ದಿನ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿ ಏನಂದುಕೊಳ್ಳುವದು?

ಇದೇ ಕೈಗೆಲಸವು ಒಳ್ಳೇದಕ್ಕೂ ಉಪಯೋಗವಾಗಿದೆ. ಮಿಶನರಿ ತಂದೆತಾಯಿಗಳಿಗೆ ಭಾರತದಲ್ಲಿ ಹುಟ್ಟಿದ ಕ್ಲೇರ್ ವೀಕ್ಸ್ ಎಂಬವರು ಅಮೇರಿಕದ ವಾಲ್ಟ್ ಡಿಸ್ನಿಯವರ ಚಿತ್ರಶಾಲೆಯಲ್ಲಿ ಕೆಲಸಮಾಡಿದರು. ಬಳಿಕ ಅವರು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮ ದೇಶದ ಚಿತ್ರಗಾರರಿಗೆ ಈ ಕಲೆಯನ್ನು ಕಲಿಸಿದರು. ೧೯೫೭ರಲ್ಲಿ ಅಲ್ಲಿಂದ 'ದಿ ಬ್ಯಾನಿಯನ್ ಡಿಯರ್' ಎಂಬ ಚಿತ್ರವು ಹೊರಟಿತು. ಅದರ ಮೂಲವು ಬೌದ್ಧರ ಜಾತಕ ಕಥೆ: ಬಸುರಿಯಾದ ಹೆಣ್ಣುಜಿಂಕೆಯ ಸಾವಿನ ಸರದಿ ಬಂದಾಗ ಜಿಂಕೆಗಳ ಅರಸನು ಅದಕ್ಕೆ ಬದಲಾಗಿ ತನ್ನ ಕೊರಳನ್ನೇ ಒಡ್ಡುತ್ತಾನೆ. ನೆರೆಯವರ ಕಥೆಯಾದರೂ ಒಬ್ಬನು ಮತ್ತೊಬ್ಬನಿಗಾಗಿ ಪ್ರಾಣಕೊಡುವದನ್ನು ಮಗುವಿಗೆ ತಿಳಿಸಲು ಇದು ಎಷ್ಟು ತಕ್ಕ ಚಿತ್ರ! ಅದೇ ಸಂಸ್ಥೆಯಿಂದ ೧೯೭೪ರಲ್ಲಿ ಹೊರಟ 'ಏಕ್ ಅನೇಕ್ ಔರ್ ಏಕತಾ' ಎಂಬ ಕಿರುಚಿತ್ರದಲ್ಲಿ ಬೇಟೆಗಾರನ ಬಲೆಗೆ ಬಿದ್ದ ಹಕ್ಕಿಗಳು ಕೂಡಿ ಬಲೆಯನ್ನೇ ಎತ್ತಿಕೊಂಡು ಹಾರುವದನ್ನು ದೂರದರ್ಶನದಲ್ಲಿ ನೋಡಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

೨೦೦೩ರಲ್ಲಿ ಹೊರಟ 'ಫೈಂಡಿಂಗ್ ನೀಮೋ' ಎಂಬ ಚಿತ್ರವು ಈ ಪಾಠಕ್ಕೆ ವಿಶೇಷವಾಗಿ ಹೊಂದುತ್ತದೆ. ನೀಮೋ ಎಂಬ ಮೀನಿನ ಮರಿಗೆ ಒಂದು ಈಜುರೆಕ್ಕೆ ಹುಟ್ಟಿನಿಂದಲೇ ಚಿಕ್ಕದು. ಮನುಷ್ಯನೊಬ್ಬನು ಅದನ್ನು ಹಿಡಿದುಕೊಂಡು ಹೋಗುತ್ತಾನೆ. ಅಂಜುಬುರುಕನಾದ ತಂದೆ ಮೀನು ಮಗನನ್ನು ಹುಡುಕುತ್ತಾ ಸಾಗರವನ್ನೇ ದಾಟುತ್ತದೆ. ಜೊತೆಗೆ ಬರುವ ಗೆಳತಿಗೆ ಕ್ಷಣಕ್ಷಣಕ್ಕೂ ಮರೆವು. ನಗುವದಕ್ಕೆ ಅದರಲ್ಲಿ ಬೇಕಾದಷ್ಟುಂಟು. ಆದರೆ ಚಿಕ್ಕ ರೆಕ್ಕೆಯ ಮರಿಯೇ ಕಡೆಗೆ ಬಲೆಯಲ್ಲಿ ಸಿಕ್ಕಿದ ಮೀನುಗಳ ಬಿಡುಗಡೆಗೆ ಕಾರಣವಾಗುತ್ತದೆ. ಮರೆವಿನ ಗೆಳತಿಯೇ ದಾರಿಗೆ ಸಹಾಯವಾಗುತ್ತಾಳೆ. ಕುಂದುಳ್ಳವರು ಇಲ್ಲಿ ನಗೆಯ ಗುರಿಯಲ್ಲ. ಅವರೂ ನಗುವವರೊಳಗೆ ಸೇರಿದ್ದಾರೆ. ಮಾತು ನಮ್ಮ ಭಾಷೆಯದಲ್ಲದಿದ್ದರೂ ಕಳೆದುಹೋದ ಮಗನನ್ನು ಹುಡುಕುವ ತಂದೆಯನ್ನು ಯಾವ ಭಾಷೆಯವರು ಅರಿಯರು? ಅದನ್ನು ನೋಡಿದ ರಾತ್ರಿ ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯವನ್ನು ಓದಿರಿ.

ನಗಿಸುವವರ ಬಾಳಿನಿಂದಲೂ ಕಲಿಯತಕ್ಕದ್ದುಂಟು. ಚಾರ್ಲಿ ಚಾಪ್ಲಿನ್ ಏಳು ವರ್ಷದವನಾಗಿದ್ದಾಗಲೇ ಲಂಡನಿನಲ್ಲಿ ಗತಿಯಿಲ್ಲದವರ ಆಶ್ರಮವನ್ನು ಸೇರಬೇಕಾಯಿತು. ೧೯೨೧ರ 'ದಿ ಕಿಡ್' ಎಂಬ ಮೂಕಚಿತ್ರದಲ್ಲಿ ಆತನು ಹರಕು ಬಟ್ಟೆಯ ಅಲೆಮಾರಿಯಾಗಿ, ಬೀದಿಯಲ್ಲಿ ಬಿಟ್ಟುಹೋದ ಕೂಸನ್ನು ಸಾಕುತ್ತಾನೆ. ನಾವು ಬಡತನಕ್ಕೆ ನಗುವದಿಲ್ಲ, ಬಡವನ ಜಾಣತನಕ್ಕೆ ನಗುತ್ತೇವೆ, ಮರುಗಳಿಗೆಯಲ್ಲಿ ಅಳುತ್ತೇವೆ. ನಮ್ಮ ಕನ್ನಡದ ಹಾಸ್ಯನಟರಾದ ಟಿ. ಎನ್. ಬಾಲಕೃಷ್ಣರಿಗೆ ಕಿವಿ ಬಹಳ ಮಂದವಾಗಿತ್ತು. ಆದರೂ ಅವರು ನೂರಾರು ಚಿತ್ರಗಳಲ್ಲಿ ಎದುರಿನವರ ಮಾತಿಗೆ ತಕ್ಕ ಹೊತ್ತಿನಲ್ಲಿ ಉತ್ತರ ಕೊಟ್ಟು ನಾಡನ್ನೇ ನಗಿಸಿದರು. ಕಿವಿ ಕೇಳದವರನ್ನು ಅಣಕಿಸಿ ನಗಿಸುವ ಚಿತ್ರಗಳನ್ನು ನೋಡುವಾಗ ಈ ಮನುಷ್ಯರನ್ನು ನೆನಸಿರಿ.

೧೯೪೦ರಲ್ಲಿ ಆರಂಭವಾದ ಟಾಮ್ ಮತ್ತು ಜೆರ್ರಿಯನ್ನು ಅರಿಯದ ಮಗುವಿಲ್ಲ. ಚಿಕ್ಕ ಇಲಿಯು ದೊಡ್ಡ ಬೆಕ್ಕನ್ನು ಸೋಲಿಸುವದಕ್ಕೆ ನಾವೂ ನಗುತ್ತೇವೆ. ಆದರೆ ಅಲ್ಲಿ ಪೆಟ್ಟು ತಿಂದವನು ಮರುಗಳಿಗೆಯಲ್ಲಿ ಏಳುತ್ತಾನೆ. ತಮ್ಮನ ತಲೆಗೆ ಪೆಟ್ಟು ಬಿದ್ದರೆ ಹಾಗಾಗದೆಂದು ಚಿಕ್ಕವರಿಗೆ ಬಾಯಿಬಿಟ್ಟು ಹೇಳಬೇಕು.

೪. ಕುಟುಂಬವೆಂದರೆ ಯಾರು?

ಕುಟುಂಬದವರೆಲ್ಲರೂ ಕೂಡಿ ನೋಡಿದೆವೆಂದು ಹೇಳುವ ಮನೆಗಳಿಗೆ ನಾವು ಹೋಗಿದ್ದೇವೆ. ಮಗನು ಮೂಲೆಯಲ್ಲಿ ಒಂದು ಮೊಬೈಲು, ಮಗಳು ಕಟ್ಟೆಯ ಮೇಲೆ ಒಂದು ಮೊಬೈಲು, ತಂದೆಯು ಟೀವಿಯ ಮುಂದೆ. ತಾಯಿಯಾದರೋ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ; ನಗೆಯ ಸದ್ದು ಮಾತ್ರ ಆಕೆಗೆ ಬರುತ್ತದೆ, ಕಾರಣ ತಿಳಿಯುವದಿಲ್ಲ. ಇದು ಕೂಡಿ ನಕ್ಕದ್ದಲ್ಲ. ಸಾರಳ ನಗೆಯು ಕೇಳುವವರೆಲ್ಲರನ್ನೂ ಕರೆಯಿತು. ಬೇಗ ಅಡಿಗೆ ತೀರಲೆಂದು ಮಕ್ಕಳು ನೀರು ತರಲಿ, ತಂದೆಯು ತಾಟುಗಳನ್ನು ಹಾಕಲಿ. ತಾಯಿಯು ಬಂದು ಕೂತ ಮೇಲೆಯೇ ಚಿತ್ರವು ಆರಂಭವಾಗಲಿ. ಅಕ್ಷರ ತಿಳಿಯದ ಅಜ್ಜಿಗೆ ಮೊಮ್ಮಗಳು ಪಕ್ಕದಲ್ಲಿ ಕೂತು ಕಥೆಯನ್ನು ಬಿಡಿಸಿ ಹೇಳಲಿ.

ರವಿವಾರದ ವಿಷಯದಲ್ಲಿಯೂ ಒಂದು ಮಾತು. ೧೯೮೭–೮೮ರಲ್ಲಿ ದೂರದರ್ಶನದ ರಾಮಾಯಣವು ರವಿವಾರ ಬೆಳಿಗ್ಗೆ ಬರುತ್ತಿದ್ದಾಗ ಬೀದಿಗಳು ಬರಿದಾಗುತ್ತಿದ್ದವೆಂದು ಹಿರಿಯರು ಬಲ್ಲರು. ಆಗ ಚಿತ್ರದ ವೇಳೆಗೆ ನಾವು ಕಾಯಬೇಕಾಗಿತ್ತು. ಈಗ ಚಿತ್ರವೇ ನಮಗಾಗಿ ಕಾಯುತ್ತದೆ. ಬೇಕಾದಾಗ ನಿಲ್ಲಿಸಿ, ಬೇಕಾದಾಗ ನೋಡಬಹುದು. ಆದುದರಿಂದ ಆರಾಧನೆ ತಪ್ಪಿಸಿಕೊಳ್ಳುವದಕ್ಕೆ ನೆಪವಿಲ್ಲ. ಶನಿವಾರ ನಡುರಾತ್ರಿಯ ವರೆಗೆ ನೋಡಿ, ಪ್ರಸಂಗದ ಹೊತ್ತಿನಲ್ಲಿ ತೂಕಡಿಸುವವರು ಯೂತಿಖನನ್ನು ಸಾಕ್ಷಿಗೆ ಕರೆಯಬಾರದು (ಅಪೊಸ್ತಲರ ಕೃತ್ಯಗಳು ೨೦:೯). ಅವನ ನಿದ್ರೆಗೆ ಪೌಲನ ಉದ್ದವಾದ ಪ್ರಸಂಗವು ಕಾರಣವಾಗಿತ್ತು. ನಮ್ಮ ಪ್ರಸಂಗಗಳು ಉದ್ದವಾದರೆ ಆ ತಪ್ಪನ್ನು ನಾವು ಒಪ್ಪಿಕೊಳ್ಳುವೆವು. ಸಿನೆಮಾದ ತಪ್ಪನ್ನು ಮಾತ್ರ ನೀವು ಒಪ್ಪಿಕೊಳ್ಳಿರಿ!

೫. ಮಾಡತಕ್ಕದ್ದೇನು?

ಒಂದನೆಯದು, ಚಿತ್ರವನ್ನು ಮುಂಚಿತವಾಗಿ ಆರಿಸಿರಿ. ಚಿತ್ರದ ಆರಂಭದಲ್ಲಿ ತೋರಿಸುವ ಸರ್ಟಿಫಿಕೇಟನ್ನು ನೋಡಿರಿ. 'ಯು' ಎಂದರೆ ಎಲ್ಲರಿಗೂ ತಕ್ಕದ್ದು. 'ಎ' ಎಂದರೆ ೧೮ ವರ್ಷ ತುಂಬಿದವರಿಗೆ ಮಾತ್ರ. ನಡುವಿನ 'ಯುಎ' ಎಂಬದನ್ನು ೨೦೨೪ರ ನಿಯಮಗಳಿಂದ ೭, ೧೩, ೧೬ ವರ್ಷಗಳೆಂದು ಮೂರು ತರವಾಗಿ ವಿಂಗಡಿಸಿದ್ದಾರೆ. ಆ ವಯಸ್ಸಿಗಿಂತ ಚಿಕ್ಕವರು ನೋಡಬೇಕೋ ಬೇಡವೋ ಎಂಬದನ್ನು ತಂದೆತಾಯಿಗಳು ನಿರ್ಣಯಿಸಬೇಕು. ಆದರೆ ಸರಕಾರದ ಸರ್ಟಿಫಿಕೇಟು ಯಾರ ಮೇಲೆ ನಗುತ್ತೇವೆಂಬದನ್ನು ಪರೀಕ್ಷಿಸಿ ಹೇಳದು. ಅದು ನಮ್ಮ ಕೆಲಸ.

ಎರಡನೆಯದು, ಹೊಲಸು ಮಾತಿನ ಹಾಸ್ಯ ಬಂದರೆ ಅಲ್ಲಿಯೇ ನಿಲ್ಲಿಸಿರಿ. ಅಂಥ ಕುಚೋದ್ಯವು ಪರಿಶುದ್ಧರಿಗೆ ತಕ್ಕದ್ದಲ್ಲವೆಂದು ಎಫೆಸದವರಿಗೆ ಬರೆದ ಪತ್ರಿಕೆಯಿಂದ ತಿಳಿಯುತ್ತೇವೆ (೫:೪). ಮಕ್ಕಳನ್ನು ಗದರಿಸದೆ, ನಿಲ್ಲಿಸಿದ ಕಾರಣವನ್ನು ಒಂದೇ ಮಾತಿನಲ್ಲಿ ಹೇಳಿರಿ.

ಮೂರನೆಯದು, ಚಿತ್ರ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ, ಪ್ರಾರ್ಥಿಸಿ ಮಲಗಿರಿ. ಈ ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು:

(ಅ) ನಾವು ಹೆಚ್ಚು ನಕ್ಕದ್ದು ಯಾವಾಗ? ಆಗ ಚಿತ್ರದಲ್ಲಿ ಯಾರಾದರೂ ಅಳುತ್ತಿದ್ದರೋ?
(ಆ) ನಾವು ಯಾರನ್ನು ನೋಡಿ ನಕ್ಕೆವೋ ಅವರು ನಮ್ಮ ಪಕ್ಕದಲ್ಲಿ ಕೂತಿದ್ದರೆ ನಮ್ಮೊಡನೆ ನಗುತ್ತಿದ್ದರೋ, ಎದ್ದು ಹೋಗುತ್ತಿದ್ದರೋ?
(ಇ) ನಮ್ಮ ಊರಲ್ಲಿ, ನಮ್ಮ ಸಭೆಯಲ್ಲಿ ಅಂಥವರು ಯಾರಿದ್ದಾರೆ? ನಾಳೆ ಅವರನ್ನು ಕಂಡಾಗ ಏನು ಮಾಡುವೆವು?

ಸಮಾಪ್ತಿ

ಅಪಹಾಸ್ಯ ಮಾಡಿದ ಇಷ್ಮಾಯೇಲನನ್ನು ದೇವರು ಕೈಬಿಟ್ಟನೆಂದು ಯಾರೂ ತಿಳಿಯಬಾರದು. ಬೇರ್ಷೆಬದ ಅಡವಿಯಲ್ಲಿ ನೀರಿಲ್ಲದೆ ಅವನು ಸಾಯುವಂತಾದಾಗ ದೇವರು ಹುಡುಗನ ಕೂಗನ್ನು ಕೇಳಿ, ಅವನ ತಾಯಿಗೆ ಬಾವಿಯನ್ನು ತೋರಿಸಿದನು (ವಚನ ೧೭–೧೯). ಅವನ ಹೆಸರಿನ ಅರ್ಥವೂ ದೇವರು ಕೇಳುತ್ತಾನೆ ಎಂಬದೇ. ನಗುವವನ ಹೆಸರು ಒಬ್ಬನಿಗೆ, ಅಳುವದನ್ನು ಕೇಳುವಾತನ ಹೆಸರು ಇನ್ನೊಬ್ಬನಿಗೆ. ಈ ಇಬ್ಬರು ಮಕ್ಕಳ ದೇವರು ಒಬ್ಬನೇ. ಆದಕಾರಣ ತಪ್ಪಿ ನಕ್ಕವರಿಗೂ ತಿರುಗಿ ಬರಲು ದಾರಿಯುಂಟು, ನಮಗೂ ಉಂಟು.

ಆ ಹಳ್ಳಿಯ ಹುಡುಗನು ಎರಡು ತಿಂಗಳ ಮೇಲೆ ರವಿವಾರ ಶಾಲೆಗೆ ಬಂದನು. ಈಗ ಕಡೆಯ ಚಾಪೆಯಲ್ಲಿ ಕೂರುತ್ತಾನೆ. ಗಟ್ಟಿಯಾಗಿ ಇನ್ನೂ ಓದಿಲ್ಲ. ಓದೆಂದು ನಾವು ಅವಸರಪಡಿಸುವದಿಲ್ಲ. ಅವನ ಸರದಿ ಬಂದಾಗ ಪುಸ್ತಕವು ಅವನ ಕೈಗೆ ಹೋಗುತ್ತದೆ. ಶಾಲೆಯೆಲ್ಲಾ ಸುಮ್ಮನಾಗಿ ಕಾಯುತ್ತದೆ. ಅವನು ತಲೆಯಾಡಿಸಿ ಅದನ್ನು ಪಕ್ಕದವನಿಗೆ ಕೊಡುತ್ತಾನೆ. ಕಳೆದ ಶನಿವಾರ ಅದೇ ಮನೆಯಲ್ಲಿ ಮಕ್ಕಳೆಲ್ಲರೂ ಮೀನಿನ ಚಿತ್ರವನ್ನು ನೋಡಿದರು. ಈ ಸಾರಿ ಅವನು ಹೊಸ್ತಿಲಿನ ಬಳಿ ಕೂರಲಿಲ್ಲ, ನಡುವೆ ಕೂತನು, ಎಲ್ಲರೊಡನೆ ನಕ್ಕನು. ಆ ನಗೆಯನ್ನು ಕೇಳಿ ನಾವು ದೇವರನ್ನು ಸ್ತುತಿಸಿದೆವು.

ನಮ್ಮ ಮನೆಗಳನ್ನು ಸಾರಳ ನಗೆಯಿಂದ ತುಂಬಿಸುವದಕ್ಕೂ, ಅಪಹಾಸ್ಯದ ನಗೆಯಿಂದ ಕಾಯುವದಕ್ಕೂ ಕರ್ತನು ತನ್ನ ಕೃಪೆಯನ್ನು ನಮಗೆ ಅನುಗ್ರಹಿಸಲಿ. ಆಮೆನ್.